ಎಂಜಿನ್ ಓಡುತ್ತಿದೆ, ಮಾತು ಕೇಳುತ್ತಿಲ್ಲ

ಬೈಕಿನ ಆಕ್ಸಿಲರೇಟರ್ ಕೇಬಲ್ ಕಟ್ಟಾದರೆ ಏನಾಗುತ್ತದೆಂದು ನಮ್ಮಲ್ಲಿ ಬಹಳ ಜನ ಅನುಭವಿಸಿಯೇ ತಿಳಿದವರು. ಎಂಜಿನ್ ಐಡಲಿಂಗ್‌ಗೆ ಇಳಿಯುತ್ತದೆ, ಗಾಡಿ ತಳ್ಳಿಕೊಂಡು ಮೆಕ್ಯಾನಿಕ್ ಹುಡುಕಬೇಕು. ಜಕ್ಕೂರಿನ ಆಕಾಶದಲ್ಲಿ ಸುತ್ತುವ ಸೆಸ್ನಾ 172ರಂಥ ಪುಟ್ಟ ವಿಮಾನದಲ್ಲೂ ಇರುವುದು ಹೆಚ್ಚುಕಡಿಮೆ ಅಂಥದ್ದೇ ಕೇಬಲ್. ಎದುರಿನ ಕಪ್ಪು ಗುಂಡಿಯನ್ನು ಒಳಗೆ ಒತ್ತಿದರೆ ಎಂಜಿನ್ನಿಗೆ ಬಲ, ಹೊರಗೆ ಎಳೆದರೆ ಕಡಿಮೆ. ಆ ಗುಂಡಿಯೇ ಥ್ರಾಟಲ್.

ಆದರೆ ಇಲ್ಲಿ ಕೇಬಲ್ ತುಂಡಾದರೆ ಎಂಜಿನ್ ತಣ್ಣಗಾಗಲೇಬೇಕೆಂದಿಲ್ಲ. ಕೆಲವು ವಿಮಾನಗಳಲ್ಲಿ ಥ್ರಾಟಲ್ಲನ್ನು ಪೂರ್ತಿ ತೆರೆದುಬಿಡುವ ಸ್ಪ್ರಿಂಗ್ ಇಟ್ಟಿರುತ್ತಾರೆ. ಬೈಕು ಕೆಟ್ಟರೆ ನಿಲ್ಲಬೇಕು, ವಿಮಾನ ಕೆಟ್ಟರೂ ಹಾರುತ್ತಿರಬೇಕಲ್ಲ! ಸ್ಪ್ರಿಂಗ್ ಇಲ್ಲದ ಕಡೆ ಎಂಜಿನ್ನಿನ ನಡುಕವೇ ಥ್ರಾಟಲ್ಲನ್ನು ತೋಚಿದತ್ತ ಒಯ್ಯಬಹುದು.

ಗುಂಡಿ ಜಗ್ಗದಿದ್ದರೆ ಮೊದಲು ನೋಡಬೇಕಾದದ್ದು ಕೇಬಲನ್ನಲ್ಲ, ಗುಂಡಿಯ ಬುಡದಲ್ಲಿರುವ ಬಿಗಿ ಬಿರಡೆಯನ್ನು. ಥ್ರಾಟಲ್ ತಾನಾಗಿ ಜಾರದಿರಲೆಂದು ಇಟ್ಟ ಆ ಬಿರಡೆಯನ್ನು ಯಾರೋ ಗಟ್ಟಿಯಾಗಿ ತಿರುಗಿಸಿರಬಹುದು. ಸಡಿಲಿಸಿದರೆ ಕಥೆ ಮುಗಿಯಿತು.

ಮುಗಿಯದಿದ್ದರೆ? ಎಂಜಿನ್ ಐಡಲಿಂಗ್‌ನಲ್ಲೇ ಸಿಕ್ಕಿಕೊಂಡಿದ್ದರೆ ಅದನ್ನು ನಿಂತ ಎಂಜಿನ್ ಎಂದೇ ಲೆಕ್ಕ ಹಿಡಿಯಬೇಕು. 172ರ ಎಸ್ ಮಾದರಿಗೆ ತೇಲಲು ಒಳ್ಳೆಯ ವೇಗ 68 ನಾಟ್, ಅಂದರೆ ಗಂಟೆಗೆ ಸುಮಾರು 126 ಕಿ.ಮೀ. ಸಾವಿರ ಅಡಿಯಿಂದ ಸಿಗುವುದು ಅಂದಾಜು ಎರಡೂಮುಕ್ಕಾಲು ಕಿಲೋಮೀಟರ್, ಒಂದೂಕಾಲು ನಿಮಿಷ. ಅಷ್ಟರಲ್ಲಿ ಇಳಿಯುವ ಜಾಗ ಆರಿಸಬೇಕು.

ಪೂರ್ತಿ ಬಲದಲ್ಲಿ ಸಿಕ್ಕಿಕೊಂಡರೆ ಸದ್ದು ಕೇಳಿಯೇ ಎದೆ ಹಾರುತ್ತದೆ. ನನ್ನ ಲೆಕ್ಕದಲ್ಲಿ ಇದು ಮೊದಲಿನದಕ್ಕಿಂತ ಎಷ್ಟೋ ವಾಸಿ, ಏಕೆಂದರೆ ಪೈಲಟ್‌ಗೆ ಕೈತುಂಬ ಸಮಯವಿದೆ. ತಪ್ಪಾಗುವುದು ಗಾಬರಿಯಲ್ಲಿ ಮೂಗು ತಗ್ಗಿಸಿದಾಗ. ಆ ಬಲದಲ್ಲಿ ಇಳಿಯಹೊರಟರೆ ವೇಗ ಮಿತಿ ದಾಟಲು ಹೊತ್ತು ಬೇಕಿಲ್ಲ. ಮೂಗನ್ನು ಎತ್ತಬೇಕು, ಆಗ ಬಲವೆಲ್ಲ ಎತ್ತರವಾಗುತ್ತದೆ. ರೇಡಿಯೋದಲ್ಲಿ ತುರ್ತು ಸ್ಥಿತಿ ಹೇಳಿ, ಉದ್ದದ ರನ್‌ವೇ ಇರುವ ನಿಲ್ದಾಣದ ನೆತ್ತಿಗೆ ಹೋಗಿ ಸುತ್ತುತ್ತಿರಬಹುದು, ಪೆಟ್ರೋಲ್ ಇರುವ ತನಕ.

ಇಳಿಸುವುದು ಕೆಂಪು ಗುಂಡಿಯಿಂದ. ಅದು ಮಿಕ್ಸ್‌ಚರ್, ಗಾಳಿಗೆ ಎಷ್ಟು ಇಂಧನ ಬೆರೆಯಬೇಕೆಂಬ ಹಿಡಿತ. ಪೂರ್ತಿ ಹೊರಗೆಳೆದರೆ ಎಂಜಿನ್ನಿಗೆ ಊಟ ಬಂದ್. ಕೀಲಿ ತಿರುಗಿಸಿ ಕಿಡಿಯನ್ನೇ ನಿಲ್ಲಿಸಬಾರದೇ ಎಂದು ಕೇಳಬಹುದು. ಮೊದಲ ಮಹಾಯುದ್ಧದ ರೋಟರಿ ಎಂಜಿನ್ ವಿಮಾನಗಳ ಪೈಲಟ್‌ಗಳು ಕಿಡಿ ಕಡಿಯುವ ಗುಂಡಿಯನ್ನು ಒತ್ತಿ ಒತ್ತಿ ಬಿಟ್ಟೇ ಇಳಿಯುತ್ತಿದ್ದರು. ಆದರೆ ಕಿಡಿ ನಿಂತರೂ ಇಂಧನ ಹರಿಯುತ್ತಲೇ ಇರುತ್ತದೆ. ಉರಿಯದ ಆವಿ ಸೈಲೆನ್ಸರಿನಲ್ಲಿ ತುಂಬಿ, ಕೀಲಿ ಮತ್ತೆ ತಿರುಗಿಸಿದಾಗ ಢಮ್ಮೆಂದು ಸಿಡಿಯಬಹುದು.

ಹಾಗಾಗಿ ರನ್‌ವೇ ಖಂಡಿತ ಮುಟ್ಟಬಲ್ಲೆ ಎನಿಸುವ ಎತ್ತರದಲ್ಲಿ ಕೆಂಪು ಗುಂಡಿ ಎಳೆಯಬೇಕು. ಇಲ್ಲೊಂದು ಮೋಸವಿದೆ. ತರಬೇತಿಯಲ್ಲಿ ತೇಲುವುದನ್ನು ಕಲಿಸುವಾಗ ಎಂಜಿನ್ ಐಡಲಿಂಗ್‌ನಲ್ಲಿರುತ್ತದೆ, ಪ್ರೊಪೆಲ್ಲರ್ ಚೂರುಪಾರು ಎಳೆಯುತ್ತಲೇ ಇರುತ್ತದೆ. ಇಂಧನ ನಿಂತಮೇಲೆ ಗಾಳಿಗೆ ತಿರುಗುವ ಅದೇ ಪ್ರೊಪೆಲ್ಲರ್ ಹಿಂದಕ್ಕೆಳೆಯುವ ಭಾರವಾಗುತ್ತದೆ. ರೂಢಿಯ ಅಂದಾಜು ನಂಬಿದವನು ರನ್‌ವೇಗೆ ಮುಂಚೆಯೇ ನೆಲ ಕಾಣುತ್ತಾನೆ. ರನ್‌ವೇಯ ಅಂಚಿಗಲ್ಲ, ಒಂದಿಷ್ಟು ಒಳಗೆ ಗುರಿಯಿಡುವುದು ಅದಕ್ಕೇ. ಎತ್ತರ ಮಿಕ್ಕರೆ ರೆಕ್ಕೆಯ ಹಿಂದಂಚಿನ ಫ್ಲಾಪ್ ಇಳಿಸಿ ಕರಗಿಸಬಹುದು. ಸೆಸ್ನಾದ ಫ್ಲಾಪ್ ವಿದ್ಯುತ್ತಿನದು, ಆದ್ದರಿಂದ ಬ್ಯಾಟರಿಯ ಸ್ವಿಚ್ಚನ್ನು ಆತುರದಲ್ಲಿ ಆರಿಸುವಂತಿಲ್ಲ.

ಮೇಲಿರುವಾಗ ಲೆಕ್ಕ ತಪ್ಪಿತೆನಿಸಿದರೆ ಕೆಂಪು ಗುಂಡಿ ಮತ್ತೆ ಒತ್ತಬಹುದು. ಪ್ರೊಪೆಲ್ಲರ್ ತಿರುಗುತ್ತಿದ್ದರೆ ಎಂಜಿನ್ ಸಾಮಾನ್ಯವಾಗಿ ಹೊತ್ತಿಕೊಳ್ಳುತ್ತದೆ. ನೆಲ ಹತ್ತಿರವಾದಮೇಲೆ ಮಾತ್ರ ಆ ಆಸೆ ಬೇಡ. ಅಲ್ಲಿ ಒಮ್ಮೆಲೇ ಪೂರ್ತಿ ಬಲ ಬಂದರೆ ಮೂಗು ಮೇಲಕ್ಕೂ ಎಡಕ್ಕೂ ಎಳೆಯುತ್ತದೆ, ತಿದ್ದಿಕೊಳ್ಳಲು ಎತ್ತರವಿರುವುದಿಲ್ಲ.

ವಿಮಾನ ರನ್‌ವೇ ಮಧ್ಯೆಯೇ ನಿಲ್ಲುತ್ತದೆ. ಮುಂಗಾಲಿಗೆ ಕಬ್ಬಿಣದ ಸರಳು ಸಿಕ್ಕಿಸಿ ಇಬ್ಬರು ಎಳೆದೊಯ್ಯುತ್ತಾರೆ. ಎಂಜಿನ್ನಿನ ಮುಚ್ಚಳ ಬಿಚ್ಚಿದರೆ ಕಾಣುವುದು ಸವೆದ ಕೇಬಲಿನ ತುದಿಯೋ, ಪಿನ್ನು ಹಾಕಲು ಮರೆತಿದ್ದರಿಂದ ಬಿಚ್ಚಿಕೊಂಡ ಒಂದು ನಟ್ಟೋ ಆಗಿರಬಹುದು.