ತೂಗುವ ಕೈಗಳ ಲೆಕ್ಕವೂ ಆಗಲಿ



ನಮ್ಮ ಮಕ್ಕಳನ್ನು ತೂಗಿದ್ದು ಸಾಕಷ್ಟಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏನು ಹೇಳಿತು? ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ. ಸರಿ, ಮಕ್ಕಳ ಲೆಕ್ಕ ಸಿಕ್ತು. ಅವರಿಗೆ ಉಣ್ಣಿಸುವ, ಅವರನ್ನು ತೂಗುವ, ತಾಯಂದಿರಿಗೆ ತಿಳಿಹೇಳುವ ಕೈಗಳ ಲೆಕ್ಕ ಎಲ್ಲಿ? ಆ ಕೈಗಳಿಗೆ ಏನು ಕಲಿಸಬೇಕು, ಯಾರು ಕಲಿಸಬೇಕು? ಇದನ್ನು ಕೇಳೋರು ಯಾರು?

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ.ನರಸೀಪುರಕ್ಕೆ. ಅವತ್ತಿನಿಂದ ಈ ಹೊರೆ ಹಳ್ಳಿ ಹೆಣ್ಣುಮಗಳ ತಲೆ ಮೇಲಿದೆ. ಊಟ, ಪಾಠ, ಚುಚ್ಚುಮದ್ದು, ಬಸುರಿ ಬಾಣಂತಿಯರ ಆರೈಕೆ ಸಾಲದೂಂತ 2021ರಿಂದ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್. ಇಷ್ಟಾದರೂ ಆಕೆ ನೌಕರಳಲ್ಲವಂತೆ, 'ಗೌರವ' ಕಾರ್ಯಕರ್ತೆಯಂತೆ! 2018ರಲ್ಲಿ ಕೇಂದ್ರ ನಿಗದಿ ಮಾಡಿದ ಗೌರವಧನ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಗ್ರಾಚ್ಯುಟಿ ಇವರ ಹಕ್ಕು ಅನ್ನೋದಕ್ಕೆ 2022ರಲ್ಲಿ ಸುಪ್ರೀಂ ಕೋರ್ಟೇ ಬಾಯಿಬಿಡಬೇಕಾಯಿತು.

ತರಬೇತಿ ಅನ್ನೋದು ಸಣ್ಣ ಮಾತಲ್ಲ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಮ್ಮಿ ಇದ್ದರೆ ಮಗು ತೀವ್ರ ಅಪೌಷ್ಟಿಕ. ಪಟ್ಟಿ ಕೊಂಚ ಸಡಿಲ ಹಿಡಿದರೂ ಸಾಯೋ ಮಗು ಪುಸ್ತಕದಲ್ಲಿ 'ಪರವಾಗಿಲ್ಲ' ಆಗ್ತದೆ. ಅದಕ್ಕೇ ಸಮೀಕ್ಷೆ ಬೇಕು. ಆದರೆ "ನಿನಗೇನು ಗೊತ್ತಿಲ್ಲ ಹೇಳಮ್ಮ" ಅಂತ ಕೆಳಗಿನವಳನ್ನು ಮಾತ್ರ ಪರೀಕ್ಷೆ ಮಾಡುವ ಸಮೀಕ್ಷೆ ಬೇಡ. ಮೇಲಿನವರನ್ನೂ ಕೇಳಲಿ. ಸೂಪರ್‌ವೈಸರ್ ಕೇರಿಯೊಳಗೆ ಕಾಲಿಡ್ತಾರಾ? ನಮ್ಮಕ್ಕ ಬೇಯಿಸಿದ್ದನ್ನು ಊರಿನ ಮಕ್ಕಳು ಉಣ್ತಾವಾ? ಪರಿಶಿಷ್ಟರ ಕೇರಿಗಳಿಗೆ ಆದ್ಯತೆ ಮೇಲೆ ಅಂಗನವಾಡಿ ಕೊಡಿ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಎಷ್ಟು ಕೇರಿ ಮುಟ್ಟಿತು? ಜಾತಿಯ ಮೈಲಿಗೆ ತೊಳೆಯುವ ಪಾಠ ಯಾವ ತರಬೇತಿಯಲ್ಲಿದೆ?

ನಾನು ಕಂಡ ಒಂದು ಪಟದಲ್ಲಿ ಸೇಬು, ಬಾದಾಮಿ ಇದ್ದವು. ನಮ್ಮವ್ವ ಹಾಕುವ ರಾಗಿಮುದ್ದೆ, ಹುರುಳಿ, ಬೆರಕೆಸೊಪ್ಪು, ಒಣಮೀನು, ಬಾಡು ಇರಲಿಲ್ಲ. ಸೊಪ್ಪಿನ ಕಬ್ಬಿಣಕ್ಕಿಂತ ಬಾಡಿನ ಕಬ್ಬಿಣ ಮೈಗೆ ಬೇಗ ಹತ್ತುತ್ತದೆ ಅಂತ ವಿಜ್ಞಾನವೇ ಹೇಳುವಾಗ, ಅದನ್ನು ಕಲಿಸೋಕೆ ನಾಚಿಕೆ ಯಾಕೆ?

ಹಾಸ್ಟೆಲಿನಲ್ಲೂ ಅದೇ ಕತೆ. ನಾನು ಓದಿದ ಹಾಸ್ಟೆಲಿನಲ್ಲಿ ಸಾರು ನೀರಾದರೆ ಅಡಿಗೆಯಣ್ಣನ ಮೇಲೆ ರೇಗ್ತಿದ್ದೆವು. ಬೆಳೆಯೋ ಹುಡುಗರಿಗೆ ದಿನಕ್ಕೆ ಎಷ್ಟು ಬೇಳೆ ಬೇಕು ಅಂತ ಆತನಿಗೆ ಹೇಳಿಕೊಟ್ಟೋರು ಯಾರು? ನಾವ್ಯಾರೂ ಕೇಳಲಿಲ್ಲ.

ಈ ರಜೆಯಲ್ಲಿ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡಿಯಿರಿ. ಅಂಗನವಾಡಿ ಅಕ್ಕನ ಹತ್ತಿರ ಕೂತು ಕೇಳಿ: ಯಾವಾಗ ತರಬೇತಿ ಆಯ್ತು? ಎಷ್ಟು ದಿನ? ತಕ್ಕಡಿ ಸರಿ ಇದೆಯಾ? ಏನು ಕಲೀಬೇಕು ಅನ್ನಿಸ್ತದೆ? ಕೊನೆಗೆ, ಕೇರಿ ಮಗುವನ್ನು ಎತ್ತಿ ತೂಗೋರು ಯಾರು? ಬರೆದದ್ದನ್ನು ಮುಂದಿನ ಸಭೆಗೆ ತನ್ನಿ. ಸರ್ಕಾರ ಎಣಿಸೋತನಕ ಕಾಯೋದು ಬೇಡ. ಎಣಿಸೋಕೆ ನಮಗೂ ಬರ್ತದೆ.