ಉಪ್ಪಿನ ಭರಣಿಯೂ ಬೆಟ್ಟದ ಮಗುವೂ

ಅಯೋಡಿನ್ ಬೆರೆಸಿದ ಉಪ್ಪಿನ ಕುರಿತು ಪರಿಸರಾಸಕ್ತರಲ್ಲಿ ಬಹುಕಾಲದಿಂದ ಒಂದು ಗುಮಾನಿ ಮನೆಮಾಡಿದೆ. ದೊಡ್ಡ ಕಂಪನಿಗಳ ಪೊಟ್ಟಣವನ್ನು ಹಳ್ಳಿಗರ ತಲೆಗೆ ಕಟ್ಟುವ, ಕರಾವಳಿಯ ಸಣ್ಣ ಆಗರಗಳನ್ನು ಮುಳುಗಿಸುವ ಹುನ್ನಾರವಿದು ಎಂಬುದು ಅದರ ಸಾರ. ಅಯೋಡಿನ್‌ರಹಿತ ಉಪ್ಪನ್ನು ಆಹಾರಕ್ಕಾಗಿ ಮಾರುವುದನ್ನು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿತು. 2000ದಲ್ಲಿ ನಿಷೇಧವನ್ನು ಹಿಂತೆಗೆದುಕೊಂಡಿತು. 2006ರ ಮೇ ತಿಂಗಳಿಂದ ಮರಳಿ ಜಾರಿಗೆ ತಂದಿತು. ಉಪ್ಪಿಗಾಗಿ ಸತ್ಯಾಗ್ರಹ ನಡೆದ ದೇಶದಲ್ಲಿ ಇಂಥ ಆಜ್ಞೆ ಕಹಿಯೆನಿಸುವುದು ಸಹಜ. ಸಾಣಿಕಟ್ಟೆಯಂತಹ ಆಗರಗಳು ಉಳಿಯಬೇಕೆಂಬ ಕಾಳಜಿಯೂ ನ್ಯಾಯವಾದುದೇ. ಆದರೆ ಅದೇ ವಾದ ಮುಂದುವರಿದು, ಅಯೋಡಿನ್ನೇ ಬೇಡ, ಹಿತ್ತಿಲ ಸೊಪ್ಪುಕಾಯಿಯಲ್ಲಿ ಎಲ್ಲವೂ ಇದೆ ಎನ್ನುವಲ್ಲಿಗೆ ಬಂದಾಗ ದಾರಿ ತಪ್ಪುತ್ತದೆ. ಅದಕ್ಕೆ ಬೆಲೆ ತೆರುವುದು ಇನ್ನೂ ಹುಟ್ಟದ ಮಗು.

ಅಯೋಡಿನ್ನಿನ ತವರು ಸಮುದ್ರ. ಅಲ್ಲಿಂದ ಅದು ಗಾಳಿಗೇರಿ ಮಳೆಯೊಡನೆ ನೆಲಕ್ಕಿಳಿಯುತ್ತದೆ. ಕಡಿದಾದ ಇಳಿಜಾರಿನ ಮೇಲೆ ಸಾವಿರಾರು ಮಿಲಿಮೀಟರು ಮಳೆ ಸುರಿಯುವ ಕಡೆ ಮೇಲ್ಮಣ್ಣಿನೊಂದಿಗೆ ಅದೂ ತೊಳೆದುಹೋಗುತ್ತದೆ. ಹಿಮಾಲಯ, ಆಂಡೀಸ್, ಆಲ್ಪ್ಸ್‌ಗಳ ತಪ್ಪಲುಗಳೆಲ್ಲ ಗಳಗಂಡದ ನಾಡುಗಳಾದದ್ದು ಹೀಗೆ. ಕರ್ನಾಟಕದಲ್ಲಿ ಕೊಡಗು, ಚಿಕ್ಕಮಗಳೂರುಗಳಷ್ಟೇ ಅಲ್ಲ, ಕಡಲಿಗೆ ಅಂಟಿಕೊಂಡ ಉತ್ತರ ಕನ್ನಡ, ದಕ್ಷಿಣ ಕನ್ನಡಗಳಲ್ಲಿಯೂ ಈ ಕೊರತೆ ಕಂಡುಬಂದಿದೆ. ಗೊಬ್ಬರ ಹೆಚ್ಚು ಹಾಕಿದರೆ ಸರಿಹೋಗದೇ ಎಂದು ಕೇಳುವವರುಂಟು. ಸೊಪ್ಪಿನ ಬೆಟ್ಟದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ತೋಟಕ್ಕೆ ಸಾಗುವ ಚಕ್ರ ಮಲೆನಾಡಿನ ಕೃಷಿಯ ಹೆಮ್ಮೆ. ಆದರೆ ಆ ಚಕ್ರ ಇದ್ದುದನ್ನು ಮಾತ್ರ ತಿರುಗಿಸಬಲ್ಲದು. ಬೆಟ್ಟದಲ್ಲೇ ಇಲ್ಲದ್ದು ತೊಪ್ಪೆಗೊಬ್ಬರದಲ್ಲಿ ಎಲ್ಲಿಂದ ಬಂದೀತು?

ಬೇಕಾಗುವ ಪ್ರಮಾಣ ಅತ್ಯಲ್ಪ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಗೆ 250. ಇದು ದೊರೆಯದಿದ್ದರೆ ಥೈರಾಯ್ಡ್ ಗ್ರಂಥಿ ಊದಿಕೊಂಡು ಕುತ್ತಿಗೆಯಲ್ಲಿ ಗಡ್ಡೆಯಾಗಿ ಕಾಣುತ್ತದೆ. ಕಾಣದ ಹಾನಿ ಇದಕ್ಕಿಂತ ಘೋರ. ಭ್ರೂಣದ ಮಿದುಳು ಬೆಳೆಯುವ ತಿಂಗಳುಗಳಲ್ಲಿ ತಾಯಿಗೆ ತೀವ್ರ ಕೊರತೆಯಾದರೆ ಮಗು ಕಿವುಡಾಗಿ, ಕುಬ್ಜವಾಗಿ, ಬುದ್ಧಿಮಾಂದ್ಯವಾಗಿ ಹುಟ್ಟಬಹುದು. ಆಮೇಲೆ ಎಷ್ಟು ಅಯೋಡಿನ್ ಕೊಟ್ಟರೂ ಆ ನಷ್ಟ ಪೂರ್ತಿ ತುಂಬುವುದಿಲ್ಲ. ಕೊರತೆ ಸೌಮ್ಯವಾಗಿದ್ದರೆ ಗುರುತೇ ಸಿಗದು. ಅಂಥ ಮಗುವನ್ನು ಶಾಲೆ ‘ದಡ್ಡ’ನೆಂದು ಹಿಂದಿನ ಬೆಂಚಿಗೆ ಕಳುಹಿಸುತ್ತದೆ, ಅಷ್ಟೆ.

ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಆರಂಭಿಸಿದ ಪ್ರಯೋಗ ಈ ವಿವಾದಕ್ಕೆ ಬಹುಮಟ್ಟಿಗೆ ಉತ್ತರ ಕೊಟ್ಟಿದೆ. ಕಣಿವೆಯನ್ನು ಮೂರು ವಲಯಗಳಾಗಿಸಿ, ಎರಡಕ್ಕೆ ಅಯೋಡಿನ್ ಸೇರಿದ ಉಪ್ಪನ್ನೂ ಒಂದಕ್ಕೆ ಸಾದಾ ಉಪ್ಪನ್ನೂ ಒದಗಿಸಲಾಯಿತು. ಕೆಲವೇ ವರ್ಷಗಳಲ್ಲಿ ಮೊದಲ ಎರಡರಲ್ಲಿ ಗಳಗಂಡ ಗಣನೀಯವಾಗಿ ತಗ್ಗಿತು. ಮೂರನೆಯದರಲ್ಲಿ ಇದ್ದಂತೆಯೇ ಉಳಿಯಿತು. ಮುಂದೆ ಅದಕ್ಕೂ ಅದೇ ಉಪ್ಪು ಸಿಕ್ಕಿತು. 1962ರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮದ ಹಿಂದೆ ಇದ್ದದ್ದು ಈ ಅನುಭವ. ಆಲ್ಪ್ಸ್‌ನ ಸ್ವಿಟ್ಜರ್ಲೆಂಡ್ 1922ರಲ್ಲೇ ಈ ಹಾದಿ ಹಿಡಿದಿತ್ತು. ಅಲ್ಲಿ ಸಾದಾ ಉಪ್ಪೂ ಅಂಗಡಿಯಲ್ಲಿ ಸಿಗುತ್ತದೆ. ಜನ ತಿಳಿದು ಆರಿಸಿಕೊಂಡರು. ಬಲವಂತವನ್ನು ವಿರೋಧಿಸುವವರು ಗಮನಿಸಬೇಕಾದ ಸಂಗತಿಯಿದು.

ಆದ್ದರಿಂದ ಕೇಳಬೇಕಾದದ್ದು ಬೇರೆಯೇ ಇದೆ. ಕಿಲೋ ಉಪ್ಪಿಗೆ ಕೆಲವೇ ಪೈಸೆಯ ಪೊಟ್ಯಾಸಿಯಂ ಅಯೋಡೇಟ್ ಸಾಕು. ಅದನ್ನೂ ಬೆರೆಸುವ ಸಣ್ಣ ಯಂತ್ರವನ್ನೂ ಸರ್ಕಾರ ಆಗರಗಳ ಬಾಗಿಲಿಗೆ ಒದಗಿಸಿದರೆ, ಬಡವರ ಹರಳುಪ್ಪೇ ಅಯೋಡಿನ್ನಿನ ಉಪ್ಪಾಗಬಲ್ಲದು. ಚಳವಳಿ ಹೂಡುವುದಾದರೆ ಇದಕ್ಕಾಗಿ ಹೂಡಬೇಕು.

ಮನೆಯೊಳಗಿನ ಕೆಲಸವೂ ಉಂಟು. ಕಾನೂನಿನ ಪ್ರಕಾರ ಬಳಕೆದಾರನ ಕೈಸೇರುವಾಗ ಉಪ್ಪಿನ ಹತ್ತು ಲಕ್ಷ ಭಾಗದಲ್ಲಿ ಕನಿಷ್ಠ 15 ಭಾಗ ಅಯೋಡಿನ್ ಇರಬೇಕು. ಮಳೆಗಾಲದಲ್ಲಿ ಬಾಯ್ತೆರೆದ ಭರಣಿಯಿಂದ ನೀರೊಸರಿದರೆ ಅಯೋಡಿನ್ ಅದರೊಡನೆ ಸೋರುತ್ತದೆ. ಬಿಗಿ ಮುಚ್ಚಳದ ಪಾತ್ರೆ, ಒಲೆಯಿಂದ ದೂರದ ಜಾಗ, ಸಾರು ಇಳಿಸುವ ಹೊತ್ತಿಗೆ ಉಪ್ಪು: ಇಷ್ಟು ಸಾಕು. ದನದ ಹಿಂಡಿಗೆ ತಂದ ಅಗ್ಗದ ಉಪ್ಪು ಅಡುಗೆಗೆ ನುಸುಳಬಾರದು. ಕಳಲೆಯನ್ನು ಮೂರು ದಿನ ನೆನೆಹಾಕಿ ದಿನವೂ ನೀರು ಚೆಲ್ಲುವ ಅಜ್ಜಿಯರ ಕಟ್ಟಳೆಯನ್ನು ಅವಸರದಲ್ಲಿ ಬಿಡುವುದೂ ಸಲ್ಲ. ಥೈರಾಯ್ಡ್ ಅಯೋಡಿನ್ ಹೀರದಂತೆ ತಡೆಯುವ ಅಂಶ ಆ ನೀರಿನೊಂದಿಗೆ ಹೋಗುತ್ತದೆ. ಶಾಲೆಯ ವಿಜ್ಞಾನ ಸಂಘಗಳು ಪರೀಕ್ಷಾ ದ್ರಾವಣದ ಒಂದು ಹನಿ ಹಾಕಿ ಊರಿನ ಉಪ್ಪನ್ನೆಲ್ಲ ಪರಿಶೀಲಿಸಬಹುದು. ನೀಲಿಯಾದರೆ ಅಯೋಡಿನ್ ಇದೆ. ಬೆಳ್ಳಗೇ ಉಳಿದ ಮನೆಗಳನ್ನು ಗುರುತಿಸಿಟ್ಟುಕೊಂಡು ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಹೋಗಿ ನೋಡುವುದು ಅವಶ್ಯ.