ಪೋರಸನ ಉತ್ತರಕ್ಕೆ ಅಂಜಿದವರು

ಎರಡು ಸಾವಿರ ವರ್ಷಗಳಿಗೂ ಹಿಂದಿನ ಯುದ್ಧವೊಂದನ್ನು ಕುರಿತ ಚಲನಚಿತ್ರಕ್ಕೆ ಬಲಾಢ್ಯ ಸಾಮ್ರಾಜ್ಯವೊಂದು ಅಂಜಬೇಕೇ? ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ ತೆರೆಕಂಡ ಹಿಂದಿ ಚಿತ್ರ ‘ಸಿಕಂದರ್’ ವಿಷಯದಲ್ಲಿ ಅದು ಅಂಜಿತು. ಮಿನರ್ವಾ ಮೂವಿಟೋನ್ ಸಂಸ್ಥೆಗಾಗಿ ಸೊಹ್ರಾಬ್ ಮೋದಿ ನಿರ್ದೇಶಿಸಿದ ಈ ಚಿತ್ರಕ್ಕೆ ಮುಂಬಯಿಯ ಸೆನ್ಸಾರ್ ಮಂಡಲಿ ಅನುಮತಿ ನೀಡಿತ್ತು. ಆದರೂ ಸೈನಿಕರು ನೆಲೆಸಿದ್ದ ಕೆಲವು ದಂಡು ಪ್ರದೇಶಗಳ ಚಿತ್ರಮಂದಿರಗಳಲ್ಲಿ ಅದರ ಪ್ರದರ್ಶನಕ್ಕೆ ತಡೆ ಬಿತ್ತು.

ಕಥೆ ಶಾಲಾ ಮಕ್ಕಳಿಗೂ ತಿಳಿದದ್ದು. ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಡದಲ್ಲಿ ಸೋತ ಪೋರಸ್, ತನ್ನನ್ನು ರಾಜನಿಗೆ ತಕ್ಕಂತೆ ನಡೆಸಿಕೊಳ್ಳಬೇಕೆಂದು ಗೆದ್ದ ಅಲೆಕ್ಸಾಂಡರನಿಗೆ ಹೇಳುತ್ತಾನೆ. ಅಲೆಕ್ಸಾಂಡರನ ಪಾತ್ರದಲ್ಲಿ ಪೃಥ್ವಿರಾಜ್ ಕಪೂರ್ ಇದ್ದರು. 1971ರ ‘ಸಾಕ್ಷಾತ್ಕಾರ’ದ ಮೂಲಕ ಕನ್ನಡಿಗರಿಗೂ ಪರಿಚಿತರಾದವರು. ಪೋರಸನ ಪಾತ್ರ ಮೋದಿಯವರದೇ. ಬ್ರಿಟಿಷರನ್ನು ಹೆಸರಿಸುವ ಅಗತ್ಯವೇ ಇರಲಿಲ್ಲ; ಉಳಿದದ್ದನ್ನು ಪ್ರೇಕ್ಷಕರು ತಾವೇ ತುಂಬಿಕೊಂಡರು.

ನನ್ನ ತಂದೆಯವರು ಆಗ ಚಾಮರಾಜಪೇಟೆಯ ಶಾಲಾ ಬಾಲಕ. ಪೇಟೆಯಲ್ಲಿ ಮಹಾರಾಜರ ಆಡಳಿತ, ದಂಡಿನಲ್ಲಿ ಬ್ರಿಟಿಷ್ ರೆಸಿಡೆಂಟರ ಆಡಳಿತ ಎಂದು ಬೆಂಗಳೂರು ಎರಡಾಗಿದ್ದ ಕಾಲವದು. ಹಿಂದಿ ಬಾರದಿದ್ದರೂ ಪೋರಸನ ಉತ್ತರ ತಮಗೆ ಅರ್ಥವಾಯಿತೆಂದೂ ಅದಕ್ಕೆ ಬಿದ್ದ ಚಪ್ಪಾಳೆ ನಿಲ್ಲಲೇ ಇಲ್ಲವೆಂದೂ ಅವರು ಹೇಳುತ್ತಿದ್ದರು.

ಪರಾಧೀನ ದೇಶದ ಕಲಾವಿದನಿಗೆ ಗತಕಾಲವೇ ಮರೆ. ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಮಾರ್ಸೆಲ್ ಕಾರ್ನೆ ಹತ್ತೊಂಬತ್ತನೆಯ ಶತಮಾನದ ರಂಗಭೂಮಿಯ ಕಥೆಯೊಂದನ್ನು ಚಿತ್ರೀಕರಿಸಿದರು. ಅದರ ಯಹೂದಿ ಕಲಾವಿದರು ಗುಟ್ಟಾಗಿ ದುಡಿದರು. ನಮ್ಮಲ್ಲಿ 1824ರ ಕಿತ್ತೂರಿನ ಕಥೆ ಇತ್ತು. ಆದರೆ ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ತೆರೆಗೆ ಬಂದದ್ದು 1961ರಲ್ಲಿ, ಬ್ರಿಟಿಷರು ತೆರಳಿ ಹದಿನಾಲ್ಕು ವರ್ಷಗಳಾದ ಮೇಲೆ.

ಪರಕೀಯರು ಹೋದರು, ಅವರ ಅಂಜಿಕೆ ಮಾತ್ರ ಕಚೇರಿಗಳಲ್ಲಿ ಉಳಿಯಿತು. ಇದನ್ನು ಅನ್ಯರ ಮೇಲಿನ ದೂರಾಗಿ ಹೇಳುತ್ತಿಲ್ಲ. ನಾನು ಜಿಲ್ಲಾಡಳಿತದಲ್ಲಿದ್ದಾಗ ಐತಿಹಾಸಿಕ ಚಿತ್ರವೊಂದರ ವಿರುದ್ಧ ಕೆಲವರು ಮನವಿ ಸಲ್ಲಿಸಿದರು. ಅವರು ಚಿತ್ರವನ್ನು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ‘ಶಾಂತಿಭಂಗದ ಸಂಭವ’ ಎಂಬ ಟಿಪ್ಪಣಿಯೊಡನೆ ಸಂಜೆಯೊಳಗೆ ಕಡತ ಬಂತು, ಸಹಿ ಹಾಕಿದೆ. ಊರು ಶಾಂತವಾಗಿಯೇ ಇತ್ತು, ಅದನ್ನು ನನ್ನ ದಕ್ಷತೆಯೆಂದೇ ಎಣಿಸಿದೆ. ವಿಷಯ ತಿಳಿದ ತಂದೆಯವರು ಒಂದೇ ಪ್ರಶ್ನೆ ಕೇಳಿದರು: “ನೀನು ಪಿಕ್ಚರ್ ನೋಡಿದೆಯೇನಪ್ಪಾ?”

ನನಗೆ ಕಾನೂನು ಗೊತ್ತಿರಲಿಲ್ಲವೆಂದಲ್ಲ. ಪ್ರತಿಭಟನೆಯ ಬೆದರಿಕೆಯನ್ನು ಮುಂದಿಟ್ಟು ಚಿತ್ರವನ್ನು ತಡೆಯುವಂತಿಲ್ಲ, ಅಭಿವ್ಯಕ್ತಿಯನ್ನು ರಕ್ಷಿಸುವುದೇ ಸರ್ಕಾರದ ಹೊಣೆ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಎಸ್. ರಂಗರಾಜನ್ ಪ್ರಕರಣದಲ್ಲಿ ಹೇಳಿತ್ತು. ಆದರೂ ಅಧಿಕಾರಿ ತಡೆಯನ್ನೇ ಆರಿಸಿಕೊಳ್ಳುವುದೇಕೆ? ಕಾರಣ ಸರಳ ಅರ್ಥಶಾಸ್ತ್ರ. ಪೊಲೀಸ್ ಬಂದೋಬಸ್ತಿನ ವೆಚ್ಚ ಆಡಳಿತದ ಲೆಕ್ಕಕ್ಕೆ ಬೀಳುತ್ತದೆ; ತಡೆಯಾಜ್ಞೆಯ ನಷ್ಟವನ್ನು ನಿರ್ಮಾಪಕ, ಪ್ರದರ್ಶಕ, ಪ್ರೇಕ್ಷಕರು ಹೊರುತ್ತಾರೆ. ತನಗೆ ಖರ್ಚಿಲ್ಲದ ಉಪಾಯ ಯಾರಿಗೆ ಬೇಡ?

ಆದ್ದರಿಂದ ತಡೆಯಾಜ್ಞೆಗೂ ಒಂದು ಬೆಲೆ ಇರಬೇಕು. ಆಜ್ಞೆಗೆ ಸಹಿ ಹಾಕುವ ಅಧಿಕಾರಿ ಚಿತ್ರವನ್ನು ಸ್ವತಃ ನೋಡಿರಬೇಕು. ಯಾವ ದೃಶ್ಯ, ಏಕೆ ಎಂಬುದನ್ನು ಬರೆದಿಡಬೇಕು. ರಕ್ಷಣೆ ಒದಗಿಸಲು ತಾನು ಮಾಡಿದ ಪ್ರಯತ್ನವನ್ನು ದಾಖಲಿಸಬೇಕು. ಆಜ್ಞೆ ಕೆಲವೇ ದಿನಗಳಲ್ಲಿ ತಾನಾಗಿ ರದ್ದಾಗಬೇಕು. ಇಷ್ಟಿದ್ದಿದ್ದರೆ ಅಂದು ನಾನು ಸಹಿ ಹಾಕುತ್ತಿರಲಿಲ್ಲ.

ದಂಡಿನ ಅಧಿಕಾರಿಗಳಿಗೆ ತಾವು ಪರಕೀಯರೆಂಬ ಅರಿವಾದರೂ ಇತ್ತು. ನಮ್ಮ ಜನರಿಗೆ ನಾವೇ ಅಂಜುವುದಕ್ಕೆ ಆ ನೆಪವೂ ಇಲ್ಲ.